ಆಚೆ ತುದಿಯವಳು

ಹನ್ನೊಂದು ಜನರನ್ನು ಆಕೆ ಒಂದು ಪೆನ್ಸಿಲಿನಿಂದ ಬದುಕಿಸಿದ್ದಳು. ಆಗ ಇಪ್ಪತ್ತಾರರ ಪ್ರಾಯ. ಟ್ರಂಕ್ ಎಕ್ಸ್‌ಚೇಂಜಿನ ಏಳನೆಯ ಬೋರ್ಡು, ಎತ್ತರದ ಸ್ಟೂಲು, ಕಿವಿಗೆ ಹೆಡ್‌ಫೋನು, ಎದೆಗೆ ಕಟ್ಟಿಕೊಂಡ ಮಾತಿನ ಕೊಳವೆ. ಹೊರಗೆ ಮಧ್ಯಾಹ್ನವೇ ಕತ್ತಲೆ ಕವಿಸಿದ ಬಿರುಗಾಳಿ. ಗುಡ್ಡದ ಮೇಲಿನ ಊರಿನಿಂದ ಕರೆ ಬಂತು: ಕಲ್ಲುಗಣಿ ಕುಸಿದಿದೆ, ಒಳಗೆ ಜನ ಸಿಕ್ಕಿಕೊಂಡಿದ್ದಾರೆ, ಗಾಳಿಗಾಗಿ ಮೇಲಿನಿಂದ ರಂಧ್ರ ಕೊರೆಯಬೇಕು, ಮೂಲೆಯ ಕಂಬದಿಂದ ಎಷ್ಟು ಅಡಿಗೆ ಕೊರೆಯಬೇಕೆಂದು ನಕ್ಷೆ ಇಟ್ಟುಕೊಂಡಿರುವ ಎಂಜಿನಿಯರರನ್ನು ಕೇಳಿ ಹೇಳಿ. ಪ್ರಶ್ನೆ ಬಂದು ಮುಟ್ಟಿತು. ಎಂಜಿನಿಯರರು ಓಡಿಬಂದು, ನಕ್ಷೆ ಬಿಡಿಸಿ, ಮೂವತ್ತೇಳು ಎಂದು ಹೇಳುವಷ್ಟರಲ್ಲಿ ತಂತಿಯಲ್ಲಿ ಮಾತು ಸತ್ತುಹೋಗಿತ್ತು. ಉಳಿದದ್ದು ಬರೀ ಮೊರೆತ. ಎಷ್ಟು ಕೂಗಿದರೂ ಗುಡ್ಡದ ಊರಿನ ಬೋರ್ಡಿನಲ್ಲಿ ಕುಳಿತ ಆಚೆ ತುದಿಯವಳಿಗೆ ಕೇಳಿಸದು. ಆಗ ಆಕೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಕೊಳವೆಯ ಅಂಚಿಗೆ ತಟ್ಟಿದಳು. ಮೂರು ಸಲ. ಮೊರೆತದ ನಡುವೆ, ಗುಡ್ಡದ ಕಡೆಯಿಂದ, ಯಾರೋ ಹಲ್ಲು ಕಡಿದಷ್ಟು ಸಣ್ಣಗೆ, ಮೂರು ಸಲ ಹಿಂದಿರುಗಿತು.

ಈ ಕಥೆಯನ್ನು ಆಕೆ ಎಷ್ಟು ಸಲ ಹೇಳಿದ್ದಳೆಂದರೆ ಅದರ ವಾಕ್ಯಗಳು ಆಡಿ ಆಡಿ ನುಣುಪಾಗಿ ಹೋಗಿದ್ದವು. ನೆಂಟರು ಬಂದಾಗ, ಮಗನ ಸಹೋದ್ಯೋಗಿಗಳು ಬಂದಾಗ, ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನಿಗೂ. "ನಾನು ಮೂರು, ಏಳು ಅಂತ ಕಳಿಸಿದೆ. ಆಚೆಯವಳು ಮೂರು, ಆರು ಅಂತ ತಟ್ಟಿದಳು. ಒಂದಡಿ ಈಚೆಗೆ ಬಂದರೆ ಗಟ್ಟಿ ಬಂಡೆ! ನಾನು ಬಿಡ್ತೀನಾ?" ಎನ್ನುವಲ್ಲಿ ಆಕೆ ಒಂದು ಕ್ಷಣ ನಿಲ್ಲುತ್ತಿದ್ದಳು, ಕೇಳುವವರು "ಇಲ್ಲ" ಎನ್ನಲೆಂದು. ಮಗ ಆ ಜಾಗಕ್ಕೆ ಸರಿಯಾಗಿ, ತಲೆಯೆತ್ತದೆಯೇ, "ಇಲ್ಲ" ಎನ್ನುತ್ತಿದ್ದ. ಈಗ ಐದು ತಿಂಗಳಿಂದ ಆ ಕಥೆಯನ್ನು ಯಾರೂ ಕೇಳಿಲ್ಲ. ಮಿದುಳಿನ ಎಡಭಾಗದಲ್ಲಿ ನೂಲಿನಷ್ಟು ಸಣ್ಣ ರಕ್ತನಾಳವೊಂದು ಒಡೆದ ಬೆಳಿಗ್ಗೆ, ಬಚ್ಚಲ ಬಾಗಿಲನ್ನು ಹಿಡಿದು ನಿಂತಿದ್ದ ಆಕೆ ಮಗನನ್ನು ಕೂಗಲು ಬಾಯಿ ತೆರೆದಾಗ ಹೊರಬಂದ ಮಾತು "ಮೂರು ನಿಮಿಷ" ಎಂಬುದಾಗಿತ್ತು. ಇಪ್ಪತ್ತೊಂಬತ್ತು ವರ್ಷ, ದಿನಕ್ಕೆ ನೂರು ಸಲ, ಮಾತಾಡುತ್ತಿದ್ದವರ ನಡುವೆ ನುಗ್ಗಿ ಹೇಳಿದ್ದ ಮಾತು: ಮೂರು ನಿಮಿಷ ಆಯಿತು, ಮುಂದುವರಿಸುತ್ತೀರಾ? ಅಂದಿನಿಂದ ನೀರಿಗೂ ಅದೇ, ನೋವಿಗೂ ಅದೇ, ಕಿಟಕಿ ಮುಚ್ಚು ಎನ್ನುವುದಕ್ಕೂ ಅದೇ. ಒಳಗೆ ಎಲ್ಲವೂ ಇತ್ತು. ನೀರು ನೀರೆಂದು ಗೊತ್ತಿತ್ತು. ಅದರ ಹೆಸರಿನ ದೀಪ ಬೋರ್ಡಿನಲ್ಲಿ ಉರಿಯುವುದೂ ಕಾಣುತ್ತಿತ್ತು. ಆದರೆ ಪ್ಲಗ್ಗನ್ನು ಯಾವ ತೂತಿಗೆ ಚುಚ್ಚಿದರೂ ತಂತಿ ಹೋಗಿ ಅದೊಂದೇ ಮನೆಯನ್ನು ಮುಟ್ಟುತ್ತಿತ್ತು.

ಇಂದು ಭಾನುವಾರ. ಊಟದ ಮೇಜಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಕಾಫಿಯ ಲೋಟ ಬಿಟ್ಟ ಒದ್ದೆ ಬಳೆಯೊಂದು ಒಣಗುತ್ತಿತ್ತು. ಮಗ ಎದುರಿಗೆ ಕುರ್ಚಿ ಎಳೆದುಕೊಂಡು, ಮೊಬೈಲನ್ನು ಆಕೆಯ ಸ್ವಾಧೀನದಲ್ಲಿದ್ದ ಎಡಗೈಯ ಬಳಿ ಇಟ್ಟ. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವವನು. ಯಾವ ಬಸ್ಸೂ ಇನ್ನೊಂದಕ್ಕಾಗಿ ಕಾಯಬಾರದೆಂಬುದು ಅವನ ಉದ್ಯೋಗ, ಮನೆಯಲ್ಲಿಯೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಅಮ್ಮ, ಇದು ಪರೀಕ್ಷೆ ಗಿರೀಕ್ಷೆ ಏನೂ ಅಲ್ಲ. ನಾನು ಕೆಳಗೆ ಮೆಟ್ಟಿಲ ಹತ್ರ ಹೋಗಿ ಫೋನ್ ಮಾಡ್ತೀನಿ. ನೀನು ಎತ್ಕೊಂಡು 'ಬಾ' ಅಂದ್ರೆ ಸಾಕು. ಒಂದೇ ಅಕ್ಷರ. ನಾಳೆಯಿಂದ ಇವಳು ಕೆಲಸಕ್ಕೆ ಹೋಗಬೇಕಾ ಬೇಡವಾ ಅಂತ ತೀರ್ಮಾನ ಆಗಬೇಕಲ್ಲ? ನೀನು ಒಬ್ಬಳೇ ಇದ್ದಾಗ ಬಿದ್ದುಗಿದ್ದರೆ ಯಾರನ್ನಾದರೂ ಕರೆಯೋಕೆ ಬರಬೇಕು. ಅಷ್ಟೇ. ಬಾ. ಅನ್ನು ನೋಡೋಣ. ಬೇಡ ಬೇಡ, ಫೋನಲ್ಲೇ ಅನ್ನು."

ಅವನ ಮಾತು ಮೊದಮೊದಲು ಒಂದೊಂದಾಗಿ ಬಂದು ಕೊನೆಗೆ ಗುಂಪಾಗಿ ನುಗ್ಗಿತು. 'ತೀರ್ಮಾನ' ಎಂಬುದರ ನಂತರದ್ದು ಆಕೆಗೆ ಮಳೆಯ ಸದ್ದಿನಂತೆ ಕೇಳಿಸಿತು. ಆದರೂ ಅರ್ಥವಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ನೋಡಿದರೇ ಅರ್ಥವಾಗುತ್ತಿತ್ತು. ಸೊಸೆ ಕನ್ನಡಕದ ಅಂಗಡಿಯೊಂದರ ಹಿಂಗೋಣೆಯಲ್ಲಿ ಗಾಜು ಕೂರಿಸುವವಳು. ದುಂಡನೆಯ ಗಾಜನ್ನು ಯಂತ್ರದ ಕಲ್ಲಿಗೆ ಒಡ್ಡಿ, ಉಜ್ಜಿ, ಫ್ರೇಮಿನ ಆಕಾರಕ್ಕೆ ತರುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ಅಂಗಡಿಯವರು ಐದು ತಿಂಗಳು ಅವಳ ಜಾಗ ಹಾಗೇ ಇಟ್ಟಿದ್ದರು. ನಾಳೆ ಬಾರದಿದ್ದರೆ ಇನ್ನೊಬ್ಬರು ಬರುತ್ತಾರೆ. ಈ ಐದು ತಿಂಗಳಲ್ಲಿ ಅವಳ ಬೆರಳ ತುದಿಗಳಲ್ಲಿದ್ದ ಗಾಜಿನ ಗೀರುಗಳು ಮಾಯ್ದು, ಕೈ ನೋಡಲು ಚೆನ್ನಾಗಿ ಕಾಣತೊಡಗಿತ್ತು. ಅವಳು ಆಗಾಗ ಆ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುವುದನ್ನು ಆಕೆ ಕಂಡಿದ್ದಳು.

ಫೋನು ಹೊಡೆದುಕೊಂಡಿತು. ಆಕೆ ಎಡಗೈಯಿಂದ ಎತ್ತಿ ಕಿವಿಗಿಟ್ಟಳು. ಎಷ್ಟು ಹಗುರವಾದ ವಸ್ತು! ಬಾ. ತುಟಿ ಕೂಡಿಸಿ ಬಿಡಬೇಕು. ಮಾತಿನ ತರಬೇತಿ ಕೊಡುವ ಹುಡುಗಿ ಕನ್ನಡಿಯ ಮುಂದೆ ಕೂರಿಸಿ ತೋರಿಸಿದ್ದಳು. ಮೊನ್ನೆ ಅವಳ ಜೊತೆಗೆ ಹಾಡಿನಂತೆ ಎಳೆದು ಎಳೆದು ಹೇಳಿಯೂ ಆಗಿತ್ತು. ಬಾ. ಆಕೆ ತುಟಿ ಕೂಡಿಸಿದಳು.

"ಮೂರು ನಿಮಿಷ."

"ಅದಲ್ಲಮ್ಮ. ಬಾ. ಬಾ ಅನ್ನು."

"ಮೂರು ನಿಮಿಷ ಆಯ್ತು."

"ಗಾಬರಿ ಆಗಬೇಡ. ಉಸಿರು ತಗೋ. ಬಾ."

ಆಕೆ ಉಸಿರು ತೆಗೆದುಕೊಂಡಳು. ಇಡೀ ಮೈಯನ್ನು ಆ ಒಂದು ಅಕ್ಷರದ ಹಿಂದೆ ನಿಲ್ಲಿಸಿ ತಳ್ಳಿದಳು. "ದರಿದ್ರ!" ಎಂಬ ಮಾತು, ಸ್ವಚ್ಛವಾಗಿ, ಹಳೆಯ ಗತ್ತಿನಲ್ಲಿ, ಕೆಳಗಿನ ಮೆಟ್ಟಿಲಿಗೆ ಫೋನಿಲ್ಲದೆಯೂ ಕೇಳಿಸುವಂತೆ ಹೊರಬಂತು.

ಮೆಟ್ಟಿಲ ಮೇಲೆ ಮಗನ ನಗು, ಹಿಂದೆಯೇ ಅವನ ಹೆಜ್ಜೆ. "ಬೈಗುಳ ಮಾತ್ರ ಏನು ಸೊಗಸಾಗಿ ಬರುತ್ತೆ ನೋಡು! ಕಳ್ಳ ಬಂದರೆ ಸಾಕಾಗುತ್ತೆ, ಬಿದ್ದರೆ ಸಾಕಾಗಲ್ಲ," ಎನ್ನುತ್ತಲೇ ಒಳಬಂದು ಆಕೆಯ ತಲೆ ಸವರಿದ. ಆ ಸವರಿಕೆಯಲ್ಲಿ ಪ್ರೀತಿಯಿತ್ತು, ಅದೇ ಅವಮಾನವಾಗಿತ್ತು. ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಕಿವುಡಿಯೊಂದಿಗೆ ಮಾತಾಡುವಂತೆ "ಊ-ಟ-ಆ-ಯ್ತಾ" ಎಂದು ಕೂಗುವಾಗ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಒಂದು ಬಲವಿತ್ತು. ಮಗನ ಅಂಗೈ ತಲೆಯ ಮೇಲಿರುವಾಗ ಆ ಬಲವೂ ಇಳಿದುಹೋಗುತ್ತಿತ್ತು. ಆಕೆ ಮೇಜಿನ ಮೇಲಿನ ಒದ್ದೆ ಬಳೆಯನ್ನು ನೋಡಿದಳು. ಅರ್ಧ ಒಣಗಿತ್ತು.

"ಸರಿ ಬಿಡು. ಇನ್ನು ಆರು ತಿಂಗಳು ನೋಡೋಣ," ಮಗ ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳುತ್ತ ಹೇಳಿದ. "ಅಂಗಡಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡು. ಮನುಷ್ಯರಿಗಿಂತ ಕೆಲಸ ಹೆಚ್ಚಾ?"

"ರೀ, ನಾನು..." ಸೊಸೆ ಬಾಗಿಲ ಚೌಕಟ್ಟಿನಿಂದ ಅರ್ಧ ಹೆಜ್ಜೆ ಮುಂದೆ ಬಂದಳು.

"ನೀನೇನು ಬೇಜಾರು ಮಾಡ್ಕೊಳ್ಳಲ್ಲ, ನಂಗೆ ಗೊತ್ತು. ಅಮ್ಮ, ನೋಡಿದೆಯಾ, ನಿನ್ನ ಸೊಸೆ ಅಂದ್ರೆ ಸೊಸೆ."

ಸೊಸೆ ಬಾಯಿ ಮುಚ್ಚಿಕೊಂಡಳು. ಅವಳ ಮಾತು ಯಾವಾಗಲೂ ಹೀಗೆಯೇ, ಮೊದಲ ಪದದ ನಂತರ ಒಂದು ದೀರ್ಘ ಅಂತರ. ತೊದಲಲ್ಲ, ಭಯವೂ ಅಲ್ಲ, ಗಾಜನ್ನು ಬೆಳಕಿಗೆ ಹಿಡಿದು ನೋಡುವಂಥ ಒಂದು ನಿಲುಗಡೆ. ಈ ಮನೆಯಲ್ಲಿ ಆ ಅಂತರ ಎಂದೂ ಖಾಲಿ ಉಳಿದಿರಲಿಲ್ಲ. ಮತ್ತು ಅದನ್ನು ಮೊದಲು ತುಂಬಲು ಕಲಿಸಿದವಳು, ಈಗ ಮೇಜಿನ ಮುಂದೆ ನಾಲಿಗೆ ಕಳೆದುಕೊಂಡು ಕುಳಿತವಳೇ. ಹದಿನೈದು ವರ್ಷದ ಹಿಂದೆ ಸೊಸೆ ಬಂದ ವಾರ, ಎಲ್ಲರೂ ಇದೇ ಮೇಜಿನ ಸುತ್ತ ಕುಳಿತಿದ್ದಾಗ, ಹೊಸ ಹುಡುಗಿ "ಅತ್ತೆ, ನಂಗೆ ಬೆಳಗಿನ ಹೊತ್ತು..." ಎಂದು ತಡೆದಳು. "ಏಳೋಕೆ ಆಗಲ್ಲ, ಅಷ್ಟೇ ತಾನೆ? ಮಲಕ್ಕೋ ಮಾರಾಯ್ತಿ, ಇಲ್ಲಿ ಯಾರು ನಿನ್ನ ಹಾಜರಿ ಹಾಕ್ತಾರೆ?" ಎಂದು ಆಕೆ ಮುಗಿಸಿದ್ದಳು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಮರುದಿನ ಹುಡುಗಿ ಎಲ್ಲರಿಗಿಂತ ಮೊದಲು ಎದ್ದು, ಯಾರಿಗೂ ಸದ್ದಾಗದಂತೆ ಕಿಟಕಿಯ ಬಳಿ ಒಬ್ಬಳೇ ಕುಳಿತಿದ್ದಳು. ಹಾಗಾದರೆ ಆ ವಾಕ್ಯದ ಉಳಿದರ್ಧ ಏನಿತ್ತು? ಹದಿನೈದು ವರ್ಷ ಅದು ಎಲ್ಲಿದೆ? ಅಂಥ ಎಷ್ಟು ಅರ್ಧಗಳು ಈ ಮನೆಯ ಮೂಲೆಗಳಲ್ಲಿ ಬಿದ್ದಿವೆ? ಎಕ್ಸ್‌ಚೇಂಜಿನಲ್ಲಿ ಆಕೆ ಹಾಗೆ ಮಾಡಿದ್ದರೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಅಲ್ಲಿ ಮೇಲ್ವಿಚಾರಕಿ, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವರು, ಹೊಸಬರ ಹೆಗಲ ಹಿಂದೆ ನಿಂತು ಮೊದಲ ದಿನ ಹೇಳುತ್ತಿದ್ದುದು ಒಂದೇ: "ಕರೆ ಮಾಡಿದವರು ನಂಬರು ಹೇಳ್ತಾ ತಡೆದರೆ ನೀನು ಮುಂದಿನ ಅಂಕಿ ಊಹಿಸಬೇಡ ತಾಯಿ. ಕಾಯಿ. ಹೇಳಿದ್ದನ್ನ ಹಾಗೇ ತಿರುಗಿಸಿ ಹೇಳು. ಅವರು ಹೌದು ಅಂದ ಮೇಲೆ ಪ್ಲಗ್ ಹಾಕು." ಆ ನಿಯಮವನ್ನು ಆಕೆ ಸಂಜೆ ಐದಕ್ಕೆ ಹೆಡ್‌ಫೋನಿನ ಜೊತೆಗೆ ಮೊಳೆಗೆ ತೂಗುಹಾಕಿ ಮನೆಗೆ ಬರುತ್ತಿದ್ದಳು.

ಈ ಐದು ತಿಂಗಳಲ್ಲಿ ಆಕೆಯನ್ನು ಕಾದವಳು ಇವಳೊಬ್ಬಳೇ. ಮಗ "ನೀರಾ? ಕಾಫಿಯಾ? ಫ್ಯಾನಾ? ಟಿವಿಯಾ?" ಎಂದು ಪಟ್ಟಿ ಓದುತ್ತಿದ್ದ, ಆಕೆ ಒಂದರಿಂದ ಬಿಡಿಸಿಕೊಳ್ಳುವಷ್ಟರಲ್ಲಿ ನಾಲ್ಕನೆಯದು ಮೇಲೆ ಬೀಳುತ್ತಿತ್ತು. ಸೊಸೆ ಎದುರಿಗೆ ಕುಳಿತು, "ಮೂರು ನಿಮಿಷ" ಎಂಬುದು ಪೂರ್ತಿ ಬಂದು ಹೋಗುವವರೆಗೆ ಬಿಟ್ಟು, ಒಂದನ್ನೇ ಕೇಳುತ್ತಿದ್ದಳು: "ನೋವಾ?" ಆಮೇಲೆ ಸುಮ್ಮನಿರುತ್ತಿದ್ದಳು. ಆಕೆಯ ತಲೆ ಹೌದೆಂದು ಅಲ್ಲಾಡಿದರೆ, ಹೌದು-ಅಲ್ಲಗಳೂ ಎಷ್ಟೋ ಸಲ ಅದಲುಬದಲಾಗುತ್ತಿದ್ದುದರಿಂದ, ಮತ್ತೆ "ನೋವು. ಹೌದಾ ಅತ್ತೆ?" ಎಂದು ತಿರುಗಿಸಿ ಹೇಳಿ ಖಚಿತ ಮಾಡಿಕೊಳ್ಳುತ್ತಿದ್ದಳು. ದೊಡ್ಡಕ್ಕನ ಹೆಸರನ್ನೂ ಕೇಳಿರದ ಹುಡುಗಿ! ಅವಳಿಗೆ ಯಾರು ಕಲಿಸಿದರು? ಕಾಯುವುದು ಹೇಗಿರಬೇಕೆಂದು, ಯಾರೂ ತನ್ನನ್ನು ಕಾಯದೆ ಇದ್ದ ಹದಿನೈದು ವರ್ಷವೇ ಕಲಿಸಿರಬೇಕು. ಈ ಯೋಚನೆ ಬಂದಾಗಲೆಲ್ಲ ಆಕೆಗೆ ಕ್ಷಮಿಸು ಎಂದು ಹೇಳಬೇಕೆನಿಸುತ್ತಿತ್ತು. ಹೇಳಿದರೆ ಬರುತ್ತಿದ್ದುದು ಅದೇ ಮೂರು ನಿಮಿಷ.

ಮಗ ಆಗಲೇ ಅಂಗಡಿಯ ನಂಬರು ಹುಡುಕುತ್ತಿದ್ದ. "ನೀನು ಮಾಡ್ತೀಯೋ ನಾನೇ ಮಾಡಲೋ? ನೀನು ಮಾತಾಡೋಕೆ ಶುರು ಮಾಡೋ ಹೊತ್ತಿಗೆ ಅವರು ಅಂಗಡಿ ಮುಚ್ಚಿರ್ತಾರೆ." ತಮಾಷೆಯೇ, ನಿತ್ಯದ ತಮಾಷೆ. ಸೊಸೆಯ ಬೆರಳುಗಳು ಒಂದಕ್ಕೊಂದು ಉಜ್ಜಿಕೊಂಡವು. ಅದನ್ನು ಕಂಡದ್ದೇ ತಡ, ಆಕೆಯ ಎಡಗೈ ಮೇಜಿನ ಮೇಲಿದ್ದ ಚಮಚವನ್ನು ಹಿಡಿದು ಹಲಗೆಗೆ ತಟ್ಟತೊಡಗಿತು. ಬಿಡುವಿಲ್ಲದೆ, ಒಂದೇ ಸಮ, ಟಕಟಕಟಕಟಕ ಎಂದು. ಆಕೆ ಯೋಚಿಸಿ ಮಾಡಿದ್ದಲ್ಲ. ತಂತಿಯಲ್ಲಿ ತಪ್ಪು ಹೋದಾಗ ಟೆಲಿಗ್ರಾಫಿನವರು ಹಾಗೆಯೇ ತಟ್ಟುತ್ತಿದ್ದರು: ಅಳಿಸು, ಇದು ತಪ್ಪು, ಮೊದಲಿಂದ.

"ಏನಮ್ಮ? ಏನಾಯ್ತು? ನೀರಾ?"

ಟಕಟಕಟಕ.

"ಬಿಪಿ ಏರಿದೆಯೇನೋ..."

ಆಕೆ ಚಮಚ ಬಿಟ್ಟು ಅಂಗೈಯನ್ನು ಮಗನ ಮುಖದ ಮುಂದೆ ಎತ್ತಿ ಹಿಡಿದಳು. ಚಿಕ್ಕಂದಿನಲ್ಲಿ ಅವನು ರಸ್ತೆಗೆ ಓಡದಂತೆ ಹಿಡಿಯುತ್ತಿದ್ದ ಅದೇ ಅಂಗೈ. ಅವನು ಅರಿಯದೆಯೇ ನಿಂತ. ಆ ಕೈಯನ್ನು ಹಾಗೆಯೇ ತಿರುಗಿಸಿ, ಬಿಡಿಸಿ, ಸೊಸೆಯತ್ತ ಚಾಚಿದಳು. ಹೇಳು. ಸೊಸೆ ಆಕೆಯನ್ನು ನೋಡಿದಳು. ಮಗ "ಇವಳು ಏನು..." ಎಂದದ್ದೇ ಅಂಗೈ ಮತ್ತೆ ಅವನತ್ತ ಎದ್ದಿತು. ಗೋಡೆಯ ಗಡಿಯಾರದ ಸದ್ದು ಕೇಳಿಸಿತು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಅಂತರ ಬೆಳೆಯಿತು. ಬೆಳೆದರೂ ಯಾರೂ ಸಾಯಲಿಲ್ಲ.

"ನಾನು," ಎಂದಳು ಸೊಸೆ. ನಿಂತಳು. "ನಾನು ನಾಳೆ ಕೆಲಸಕ್ಕೆ ಹೋಗ್ತೀನಿ."

ಮಗ ಬಾಯಿ ತೆರೆದ. ಅಂಗೈ.

"ಅತ್ತೆಗೆ ಬುದ್ಧಿ ಹೋಗಿಲ್ಲ. ಮಾತು ಹೋಗಿದೆ. ನೀವು ಫೋನಲ್ಲಿ ಮಾತನ್ನೇ ಕೇಳಿದ್ರಿ." ಮತ್ತೆ ನಿಲುಗಡೆ. "ಫೋನಲ್ಲಿ ಮಾತೇ ಯಾಕೆ ಬೇಕು? ಅವರೇ ನೂರು ಸಲ ಹೇಳಿದ್ದಾರಲ್ಲ. ಪೆನ್ಸಿಲು."

"ಅಯ್ಯೋ, ಆ ಕಥೆನಾ!" ಮಗ ನಕ್ಕೇಬಿಟ್ಟ. ಆದರೆ ಆ ನಗು ಅರ್ಧಕ್ಕೇ ನಿಂತಿತು, ತಾಯಿಯ ಮುಖ ಕಂಡು. ಐದು ತಿಂಗಳಲ್ಲಿ ಅವನು ಆ ಮುಖವನ್ನು ಕಂಡಿರಲಿಲ್ಲ. ಏಳನೆಯ ಬೋರ್ಡಿನ ಮುಂದೆ ಕುಳಿತಿದ್ದವಳ ಮುಖ ಅದು.

ಈ ಸಲ ಮೆಟ್ಟಿಲಿಳಿದು ಹೋದವಳು ಸೊಸೆ. ಹೋಗುವ ಮೊದಲು ಒಂದು ಚೀಟಿಯ ಮೇಲೆ ಚುಕ್ಕೆಗಳನ್ನು ಬರೆದು ಮೇಜಿನ ಮೇಲಿಟ್ಟಿದ್ದಳು: ಒಂದು ಚುಕ್ಕೆಯ ಮುಂದೆ ನಗುವ ಮುಖ, ಎರಡರ ಮುಂದೆ ಅಡ್ಡಗೀಟು, ಮೂರರ ಮುಂದೆ ಓಡಿಬರುವ ಹೆಂಗಸು, ಹೆಂಗಸಿನ ಕಾಲುಗಳು ಕುರ್ಚಿಯ ಕಾಲುಗಳಂತಿದ್ದವು. ಫೋನು ಬಂತು. ಆಕೆ ಎತ್ತಿದಳು. ಸೊಸೆ ಏನೂ ಹೇಳಲಿಲ್ಲ. ಉಸಿರು ಮಾತ್ರ, ತೆರೆದ ತಂತಿಯ ಹಳೆಯ ಸದ್ದು. ಆಕೆ ಉಗುರಿನಿಂದ ಫೋನಿಗೆ ತಟ್ಟಿದಳು. ಮೂರು ತಟ್ಟಬೇಕೆಂದು ಹೊರಟದ್ದು. ಎರಡಕ್ಕೇ ಬೆರಳು ನಿಂತುಬಿಟ್ಟಿತು. ಅಂಕಿಗಳೂ ಈಗ ನಂಬಿಕೆಯವಲ್ಲ. ಮಗ ಮೂಗಿನಲ್ಲಿ ಉಸಿರು ಬಿಟ್ಟ. ಆಚೆಯಿಂದ, ನಿಧಾನವಾಗಿ, ಎರಡು ಹಿಂದಿರುಗಿತು. ಆಕೆ ಆಲಿಸಿದಳು. ಎರಡು. ಅಲ್ಲ. ತನಗೆ ಬೇಕಾದದ್ದು ಅದಲ್ಲ. ಟಕಟಕಟಕಟಕ. ಅಳಿಸು. ಮತ್ತೆ, ಚೀಟಿಯ ಮೇಲಿನ ಚುಕ್ಕೆಗಳನ್ನು ಕಣ್ಣಿನಿಂದ ಹಿಡಿದುಕೊಂಡು: ಒಂದು. ಎರಡು. ಮೂರು. ಆಚೆಯಿಂದ ಒಂದು, ಎರಡು, ಮೂರು. ಆಕೆ ಒಂದು ತಟ್ಟಿದಳು. ಹೌದು. ಮರುಕ್ಷಣ ಮೆಟ್ಟಿಲ ಮೇಲೆ ಚಪ್ಪಲಿಯಿಲ್ಲದ ಪಾದಗಳು ಧಡಧಡ ಓಡಿಬಂದವು, ಬಾಗಿಲು ಗೋಡೆಗೆ ಬಡಿಯಿತು, ಸೊಸೆ ಏದುಸಿರು ಬಿಡುತ್ತ ಎದುರಿಗೆ ನಿಂತು, "ಬಂದೆ ಅತ್ತೆ," ಎಂದಳು.

ಮಗ ಮೂರು ಸಲ ಪರೀಕ್ಷಿಸಿದ. ಒಮ್ಮೆ ಅಡುಗೆಮನೆಯಿಂದ, ಒಮ್ಮೆ ಮೆಟ್ಟಿಲ ಬಳಿಯಿಂದ, ಒಮ್ಮೆ ಬೀದಿಯ ಕೊನೆಯಿಂದ. ಎರಡನೆಯ ಸಲ ಅವನೇ ಹಿಂದಿರುಗಿಸುವುದನ್ನು ಮರೆತು ಓಡಿಬಂದು ಬೈಗುಳ ತಿಂದ. ಆ ಒಂದು ಬೈಗುಳ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕೊನೆಗೆ ಅವನು ತನ್ನ ವೇಳಾಪಟ್ಟಿಯ ಗೀಟುಹಾಳೆಯೊಂದನ್ನು ತಂದು, ದಿನಕ್ಕೆ ನಾಲ್ಕು ಹೊತ್ತು, ಯಾರು ಯಾವಾಗ ಫೋನ್ ಮಾಡಬೇಕೆಂದು ಬರೆದು, ಪ್ರತಿ ಕರೆಗೂ ಹತ್ತು ನಿಮಿಷ ಇಟ್ಟ. "ಇಷ್ಟು ಸಾಕಾ?" ಎಂದು ಹೆಂಡತಿಯನ್ನು ಕೇಳಿದ. ಕೇಳಿದವನು, ಕಷ್ಟಪಟ್ಟು, ಉತ್ತರ ಬರುವವರೆಗೆ ಹಾಳೆಯನ್ನೇ ನೋಡುತ್ತ ನಿಂತ. "ಹದಿನೈದು ಮಾಡಿ," ಎಂದಳು ಅವಳು ಕೊನೆಗೆ. ಅವನು ಅಳಿಸಿ ಬರೆದ.

ಮಧ್ಯಾಹ್ನ ಅವನು ಡಿಪೋಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಸೊಸೆ ನಾಳೆಗೆಂದು ತನ್ನ ಕೆಲಸದ ಏಪ್ರನ್ನಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗುಬಿಟ್ಟಿದ್ದಳು. ಅದರ ಜೇಬಿನ ಅಂಚಿನಲ್ಲಿ ಗಾಜಿನ ಪುಡಿ ಇನ್ನೂ ಮಿನುಗುತ್ತಿತ್ತು. ಆಕೆ ಅವಳನ್ನು ಎದುರಿಗೆ ಕೂರುವಂತೆ ಕೈಮಾಡಿದಳು. ಒಂದು ಚಮಚ ತನಗೆ, ಒಂದು ಅವಳಿಗೆ. ಮೇಜಿನ ನಡುವೆ ಬೆರಳಿನಿಂದ ಒಂದು ಗೆರೆ ಎಳೆದಳು. ಗೆರೆಯ ಈಚೆ ತನ್ನ ಎದೆ ಮುಟ್ಟಿಕೊಂಡಳು. ಆಚೆ ಸೊಸೆಯತ್ತ ತೋರಿಸಿ, ಕೈಯನ್ನು ಎತ್ತರಕ್ಕೆ, ಗುಡ್ಡದ ಆಕಾರದಲ್ಲಿ ಬಳಸಿದಳು.

"ಗುಡ್ಡದವಳು. ನಾನು?" ಎಂದು ಕೇಳಿದಳು ಸೊಸೆ.

ಒಂದು ತಟ್ಟು. ಹೌದು.

ಆಕೆ ಮೂರು ತಟ್ಟಿದಳು. ಸೊಸೆ ಮೂರು ಹಿಂದಿರುಗಿಸಿದಳು. ಹೌದು. ಇನ್ನು ಏಳು ಬರಬೇಕೆಂದು ಸೊಸೆಗೂ ಗೊತ್ತು. ಅವಳು ತುಟಿಯೊಳಗೇ ಎಣಿಸುತ್ತಿದ್ದಳು. ಆಕೆ ತಟ್ಟಿದಳು, ಬೇಗ ಬೇಗ, ಭುಜದ ಮೇಲೆ ಯಾರೋ ಬಾಗಿ ಕೂಗುತ್ತಿರುವಂತೆ ತಲೆ ಹೊರಳಿಸಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ನಿಂತಳು. ಸೊಸೆ ಕಾದಳು. ಏಳನೆಯದು ಬರಲಿಲ್ಲ.

"ಆರೇ ಆಯ್ತಲ್ಲ ಅತ್ತೆ. ತಪ್ಪಿತಾ?"

ಆಕೆ ಎರಡು ತಟ್ಟಿದಳು. ಅಲ್ಲ. ಬೇಕೆಂದೇ. ಹಿಂದಿರುಗಿಸು ಎಂದು ಕೈಮಾಡಿದಳು. ಸೊಸೆ, ಇನ್ನೂ ತಿಳಿಯದೆ, ಆರನ್ನು ಹಿಂದಿರುಗಿಸಲು ತೊಡಗಿದಳು. ಅದು ಮುಗಿಯುವುದರೊಳಗೇ, ಬೇರೆ ಕಡೆ ನೋಡುತ್ತ, ಕೇಳದೆ, ಆಕೆ ಫಟ್ಟನೆ ಒಂದು ತಟ್ಟಿಬಿಟ್ಟಳು. ಹೌದು! ಆಮೇಲೆ ಮೇಜಿನಾಚೆ ಕೈ ಚಾಚಿ, ಸೊಸೆಯ ಮಣಿಕಟ್ಟನ್ನು ಹಿಡಿದು, ಅವಳ ಚಮಚದಿಂದ ಮತ್ತೆ ಆರು ತಟ್ಟಿಸಿದಳು. ನಿಧಾನ. ಮತ್ತೊಮ್ಮೆ ಆರು. ಇನ್ನೂ ನಿಧಾನ. ಮೂರನೆಯ ಸಲಕ್ಕೆ ಆಕೆ ತಟ್ಟನೆ ತಲೆಯೆತ್ತಿ, ಆಗ ತಾನೇ ಕಿವಿ ಬಂದವಳಂತೆ ಕಣ್ಣಗಲಿಸಿ, ಟಕಟಕಟಕಟಕ ಎಂದು ಅಳಿಸಿ, ಏಳು ತಟ್ಟಿದಳು. ತಟ್ಟಿ, ಚಮಚ ಕೆಳಗಿಟ್ಟು, ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

ನಲವತ್ತು ವರ್ಷಗಳಲ್ಲಿ ಆಕೆ ಇದನ್ನು ಹೀಗೆ ಹೇಳಿದ್ದು ಇದೇ ಮೊದಲು. ಮಾತಿದ್ದಾಗ ಕಥೆ ತಾನಾಗಿಯೇ ತನ್ನ ಕಡೆಗೆ ವಾಲಿಕೊಂಡು ಹರಿಯುತ್ತಿತ್ತು. ಆರು ಎಂಬುದು ಯಾವಾಗ ಆಚೆಯವಳ ಪಾಲಿಗೆ ಹೋಯಿತೆಂದು ಆಕೆಗೂ ನೆನಪಿರಲಿಲ್ಲ. ತಟ್ಟುವುದರಲ್ಲಿ ಆ ಇಳಿಜಾರಿಲ್ಲ. ಆರು ತಟ್ಟಿದ ಕೈ ಯಾರದೋ ಅವರದೇ ಆರು. ಆಚೆ ತುದಿಯಲ್ಲಿ, ಹೆಸರು ತಿಳಿಯದ, ಮುಖ ಕಾಣದ ಒಬ್ಬಳು, ಅಷ್ಟು ಅವಸರವಾಗಿ ಬಂದ ಒಪ್ಪಿಗೆಯನ್ನು ನಂಬಿರಲಿಲ್ಲ. ಎಣಿಸುವುದಕ್ಕೂ ಸಾಲದಷ್ಟು ಹೊತ್ತಿನಲ್ಲಿ ಹೌದೆಂದವರು ಕೇಳಿಸಿಕೊಂಡಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಅವಳು ಕಾದಿದ್ದಳು. ಹನ್ನೊಂದು ಜನರನ್ನು ಬದುಕಿಸಿದ್ದು ಆ ಕಾಯುವಿಕೆ.

ಸೊಸೆಯ ಬೆರಳು ಮೇಜಿನ ಮೇಲಿನ ಕಾಣದ ಗೆರೆಯ ಗುಂಟ ಹೋಗಿ ಬಂತು. ಆಕೆ ಅವಸರಿಸಲಿಲ್ಲ.

"ಅಂದ್ರೆ ಆರು..." ಎಂದಳು ಸೊಸೆ. "ಅವಳದಲ್ಲ."

ಎರಡು ತಟ್ಟು. ಅಲ್ಲ.

"ನಿಮ್ಮದು."

ಆಕೆ ಕೇಳಿದಳು. ಪೂರ್ತಿ ಬಂದು ಮುಟ್ಟುವವರೆಗೆ ಕಾದಳು. ಆಮೇಲೆ ಒಂದು ತಟ್ಟಿದಳು.

ಸೊಸೆಯ ಮುಖದಲ್ಲಿ ನಗೆ ಬಂದದ್ದು ಅವಳ ಮಾತಿನಂತೆಯೇ, ಒಂದು ಅಂತರ ಬಿಟ್ಟು. ಅವಳು ಎದ್ದು, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆಳೆದು ಕುಳಿತು, ತನ್ನ ಚಮಚವನ್ನು ಸರಿಯಾಗಿ ಹಿಡಿದುಕೊಂಡಳು.

"ಅತ್ತೆ, ಇನ್ನೊಂದು ಸಲ ಹೇಳಿ," ಎಂದಳು. "ಮೊದಲಿಂದ."